ಗೋಡೆಯ ಮೇಲಿನ ಕಪ್ಪು ಬಿಂದಿ

ಡೊಂಬಿವಲಿ, ಹೊರಡುವ ದಿನ

ಹಾಲು ಕಾಯಿಸಿದೆ. ಉಳಿದಿದ್ದ ಹಿಟ್ಟಿಗೆ ಈರುಳ್ಳಿ ಹೆಚ್ಚಿ ಹಾಕಿ ದೋಸೆ ಎರೆದು ಮುಗಿಸಿದೆ. ಗ್ಯಾಸಿನವನು ಬಂದರೆ ಸಿಲಿಂಡರ್ ಇಳಿಸಿಕೊಳ್ಳಿ ಎಂದು ಎದುರು ಮನೆಯ ಜೋಶಿ ವಹಿನಿಗೆ ಹೇಳಿ ಬಂದೆ. ಯಜಮಾನರ ಬಿಪಿ ಮಾತ್ರೆಯನ್ನು ಅವರ ಕಣ್ಣಿಗೆ ಬೀಳುವ ಹಾಗೆ ಟಿವಿಯ ಪಕ್ಕ ಇಟ್ಟೆ. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿಗಳನ್ನು ಚೀಲದೊಳಗೆ ಚೀಲ ಹಾಕಿ ಬಿಗಿದು ಕಟ್ಟಿದೆ. ತುಳಸಿಗೆ ನೀರು ಹಾಕಿದೆ. ಒಗೆದ ಬಟ್ಟೆಗಳನ್ನು ಬಾಲ್ಕನಿಯಲ್ಲಿ ಹರವಿದೆ. ಹರವಲು ಹೋಗುವಾಗ ಮಗಳ ರೈಫಲ್ಲಿನ ಮುಂದಿನಿಂದ ಹೋದೆ, ಬರುವಾಗಲೂ ಮುಂದಿನಿಂದಲೇ ಬಂದೆ.

ಈ ಕೊನೆಯದನ್ನು ಆಗ ನಾನು ಹೇಳಬೇಕಾದ ವಿಷಯ ಎಂದುಕೊಂಡಿರಲಿಲ್ಲ. ನಮ್ಮದು ಒಂದು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆಯ ಫ್ಲ್ಯಾಟು. ಅನಘಾ ಏರ್ ರೈಫಲ್ ಸ್ಪರ್ಧೆಗಳಿಗೆ ಹೋಗತೊಡಗಿದ ಮೇಲೆ ಹಾಲೇ ಅವಳ ಅಭ್ಯಾಸದ ಜಾಗ. ಗುಂಡು ಹಾಕುವುದಿಲ್ಲ, ಬರೀ ರೈಫಲ್ ಎತ್ತಿ, ಉಸಿರು ಹಿಡಿದು, ಗೋಡೆಯ ಮೇಲಿನ ಗುರಿಯನ್ನು ನೋಡುತ್ತಾ ಅಲುಗಾಡದೆ ನಿಲ್ಲುವುದು. ಗುರಿ ಎಂದರೆ ನನ್ನದೇ ಡಬ್ಬಿಯಿಂದ ತೆಗೆದ ಒಂದು ಕಪ್ಪು ಬಿಂದಿ. ಅದನ್ನು ಬಾಲ್ಕನಿಯ ಬಾಗಿಲಿನ ಪಕ್ಕಕ್ಕೇ ಅಂಟಿಸಿದ್ದಳು, ಬೆಳಕು ಅಲ್ಲೇ ಚೆನ್ನಾಗಿ ಬೀಳುವುದರಿಂದ. ನನ್ನ ಬಟ್ಟೆ, ತುಳಸಿ, ಕಸದ ಬುಟ್ಟಿ ಎಲ್ಲವೂ ಬಾಲ್ಕನಿಯಲ್ಲಿ. ಬಕೆಟ್ ಹಿಡಿದು ನಾನು ನಿಂತರೆ ಅವಳೇ ಹೇಳುತ್ತಿದ್ದಳು:

"ಖಾಲಿ ಉಂಟು ಅಮ್ಮ. ಜಾವೋ ನಾ, ಹೋಗು."

ನಾನು ಹೋಗುತ್ತಿದ್ದೆ. ಅವಳು ಕದಲುತ್ತಿರಲಿಲ್ಲ. ನಾನು ಅಡ್ಡ ಬಂದರೂ ಕಣ್ಣು ಮಿಟುಕಿಸದಷ್ಟು ಏಕಾಗ್ರತೆ ಇದೆ ನೋಡಿ ಎಂದು ಯಜಮಾನರ ಬಳಿ ಹೇಳಿ ಹೆಮ್ಮೆಪಟ್ಟಿದ್ದೂ ಉಂಟು.

ಜರ್ಮನಿಯ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಪಂದ್ಯ. ಅಲ್ಲಿ ಬರುವ ಅಂಕ ಜೂನಿಯರ್ ತಂಡದ ಆಯ್ಕೆಗೆ ಲೆಕ್ಕಕ್ಕೆ ಬರುತ್ತದೆ, ಮತ್ತು ಅನಘಾಳಿಗೆ ಜೂನಿಯರ್ ಆಗಿ ಅದು ಕೊನೆಯ ವರ್ಷ. ಮುಂದಿನ ವರ್ಷದಿಂದ ದೊಡ್ಡವರ ಜೊತೆ ಮೊದಲಿನಿಂದ ಶುರುಮಾಡಬೇಕು. ಇದೊಂದು ಅಂಕಕ್ಕಾಗಿ ಅವಳು ಕಾಲೇಜು ಮುಗಿಸಿ ಡೊಂಬಿವಲಿಯಿಂದ ಥಾಣೆಗೆ ಲೋಕಲ್‌ನಲ್ಲಿ, ಅಲ್ಲಿಂದ ಘೋಡಬಂದರ್ ರಸ್ತೆಯ ಶೂಟಿಂಗ್ ರೇಂಜಿಗೆ ಬಸ್ಸಿನಲ್ಲಿ, ರೈಫಲ್ಲಿನ ಆ ಉದ್ದದ ಪೆಟ್ಟಿಗೆ ಹೊತ್ತು ಓಡಾಡಿದ್ದಳು. ರೈಲಿನ ಮಹಿಳೆಯರ ಡಬ್ಬಿಯಲ್ಲಿ ಯಾರಾದರೂ ಇದೇನು ಎಂದು ಕೇಳಿದರೆ "ಗಿಟಾರ್" ಎನ್ನುತ್ತಿದ್ದಳಂತೆ. ಒಮ್ಮೆ ಒಬ್ಬಳು ಹಾಡು ನುಡಿಸು ಎಂದು ಹಠ ಹಿಡಿದ ಮೇಲೆ ಅದನ್ನೂ ಬಿಟ್ಟಳು.

ವಿಮಾನ ನಿಲ್ದಾಣ

ಜೊತೆಗೆ ಬಂದವರು ಅವಳ ತರಬೇತುದಾರ ಪಾಟೀಲ್ ಸರ್. ಧಾರವಾಡದ ಕಡೆಯವರು, ಸೈನ್ಯದಲ್ಲಿದ್ದು ನಿವೃತ್ತರಾಗಿ ಕಲ್ಯಾಣದಲ್ಲಿ ನೆಲೆಸಿದವರು. ಪೆಟ್ಟಿಗೆಯ ಬೀಗದ ಕೈ ಎಲ್ಲಿಯಾದರೂ ಬಿದ್ದುಹೋದರೆ ಎಂಬ ಹೆದರಿಕೆಯಿಂದ, ಅದನ್ನು ನನ್ನ ತಾಳಿಸರಕ್ಕೆ ಪಿನ್ ಹಾಕಿ ಇಟ್ಟುಕೊಳ್ಳುತ್ತೇನೆ ಎಂದೆ. ಸರ್ ತಲೆಯಾಡಿಸಿದರು.

"ಬ್ಯಾಡ್ರಿ ಅಕ್ಕಾರ. ಬಂದೂಕು ಆಕೀದು, ಕೀಲೀನೂ ಆಕೀದು. ನಡುವ ನಾವು ನೀವು ಯಾರೂ ಇಲ್ಲ."

ಕೌಂಟರಿನ ಹುಡುಗಿ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಾಗ ಅನಘಾ ಗಂಟಲೆತ್ತಿ "ರೈಫಲ್" ಎಂದಳು. ಸಾಲಿನಲ್ಲಿದ್ದವರು ಹಿಂದೆ ಸರಿದರು. ನಾನು ಅವಳ ಮೊಣಕೈ ಚಿವುಟಿ, "ಮೆಲ್ಲ ಹೇಳು ಮಾರಾಯ್ತಿ" ಎಂದೆ.

"ಮೆಲ್ಲ ಹೇಳಿದ್ರೆ ಇನ್ನೂ ಶಕ್ ಬರುತ್ತೆ ಅಮ್ಮ."

ಪೊಲೀಸರು ನಮ್ಮನ್ನು ಬೇರೆ ಕೋಣೆಗೆ ಕರೆದೊಯ್ದರು. ಅವಳೇ ಬೀಗ ತೆಗೆದಳು. ನಳಿಗೆಯ ಈ ತುದಿಯಿಂದ ಆ ತುದಿಗೆ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ತೂರಿಸಿತ್ತು. ಒಳಗೆ ಗುಂಡಿಲ್ಲ ಎಂದು ದೂರದಿಂದಲೇ ಕಾಣಲಿ ಎಂದು ಹಾಕುವ ದಾರ ಅದು. ಗಾಳಿಯ ಸಿಲಿಂಡರ್ ಖಾಲಿ ಮಾಡಿದ್ದನ್ನೂ ತೋರಿಸಿದಳು. ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ನಾನು ಮಾತ್ರ ಬಾಗಿಲಲ್ಲಿ ನಿಂತು, ಹೋಗುವ ಬರುವ ಎಲ್ಲರಿಗೂ "ಸ್ಪೋರ್ಟ್ಸ್, ಸ್ಪೋರ್ಟ್ಸ್" ಎಂದು ನಗುತ್ತಿದ್ದೆ. ಒಬ್ಬ ಮುದುಕರು ಪಾಪ, "ವೆರಿ ಗುಡ್" ಎಂದು ಹೇಳಿ ಬೇಗ ಬೇಗ ನಡೆದರು.

ಕೆಂಪು ಮನುಷ್ಯ

ಆ ಊರಿನಲ್ಲಿ ಇಳಿದಾಗ ಮೊದಲು ಕಿವಿಗೆ ಬಂದದ್ದು ನಮ್ಮ ಪೆಟ್ಟಿಗೆಯ ಚಕ್ರಗಳ ಸದ್ದು. ಬೇರೆ ಸದ್ದೇ ಇರಲಿಲ್ಲ. ಡೊಂಬಿವಲಿ ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ನನಗೆ ಎಷ್ಟು ಜನರ ಭುಜ ತಗಲುತ್ತದೆ! ಇಲ್ಲಿ ಇಡೀ ಬೀದಿಗೆ ನಾವು ಮೂವರು, ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು, ಒಂದು ಬೆಕ್ಕು.

ನಾವು ಉಳಿದುಕೊಂಡ ಮನೆಯ ಎದುರಿಗೇ ರಸ್ತೆ ದಾಟುವ ಸಿಗ್ನಲ್ಲು. ಕೆಂಪು ಮನುಷ್ಯ ಬೆಳಗುತ್ತಿದ್ದ. ಒಂದು ವಾಹನವೂ ಇರಲಿಲ್ಲ. ಆದರೂ ಈ ಕಡೆ ಒಬ್ಬಳು ಹೆಂಗಸು, ಆ ಕಡೆ ಒಬ್ಬ ಅಜ್ಜ, ದೇವರ ನಡೆಯಲ್ಲಿ ನಿಂತ ಹಾಗೆ ನಿಂತಿದ್ದರು. ನನಗೆ ಹಾಲು ತರಬೇಕಿತ್ತು. ಎರಡೂ ಕಡೆ ನೋಡಿ ದಾಟಿಯೇ ಬಿಟ್ಟೆ. ಅಜ್ಜ ನನ್ನ ಕಡೆ ಬೆರಳು ಮಾಡಿ ಏನೋ ಗದರಿದ. ಅನಘಾಳಿಗೆ ಆ ಹೆಂಗಸು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳಂತೆ: ಮಕ್ಕಳು ಯಾರಾದರೂ ಕಿಟಕಿಯಿಂದ ನೋಡುತ್ತಿದ್ದರೆ ಏನು ಕಲಿತಾವು ಎಂದು ಅಜ್ಜ ಕೇಳುತ್ತಿದ್ದಾರೆ ಎಂದು.

"ಯಾವ ಮಕ್ಕಳು? ಬೆಕ್ಕೊಂದೇ ನೋಡ್ತಾ ಇದ್ದದ್ದು" ಎಂದೆ.

"ಬೆಕ್ಕು ಭೀ ಕಲೀತದೆ ಅಮ್ಮ" ಎಂದು ಅವಳು ನಕ್ಕಳು. ಆ ಪ್ರವಾಸದಲ್ಲಿ ಅವಳು ಬಾಯಿತುಂಬ ನಕ್ಕದ್ದು ಅಷ್ಟೇ. ಆ ರಾತ್ರಿಯಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ನಾನು ಮಗ್ಗುಲು ಬದಲಿಸಿದಾಗೆಲ್ಲ ಪಕ್ಕದ ಮಂಚವೂ ಕಿರುಗುಟ್ಟುತ್ತಿತ್ತು.

ಕಿತ್ತಳೆ ದಾರ

ಮರುದಿನ ಅಭ್ಯಾಸ. ಬೆಳಿಗ್ಗೆ ಅನಘಾ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಾಗ ನಾನು ಹಾಸಿಗೆ ಸರಿಮಾಡುತ್ತಿದ್ದೆ. ಕಿತ್ತಳೆ ದಾರ ಅವಳ ಹೊದಿಕೆಯ ಮೇಲೇ ಬಿದ್ದಿತ್ತು. ನಸುಕಿನಲ್ಲಿ ಎದ್ದು ರೈಫಲ್ ಒರೆಸಿ, ಮತ್ತೆ ದಾರ ತೂರಿಸುವುದನ್ನು ಮರೆತಿದ್ದಳು. ನಾನು ಬಾಯಿ ತೆರೆದೆ, ಮುಚ್ಚಿಕೊಂಡೆ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ನಮ್ಮ ಅಮ್ಮ ಅಪ್ಪನನ್ನು ಒಂದು ದಿನವೂ ಹಾಗೆ ಕರೆದವಳಲ್ಲ. ದಾರವನ್ನು ಮಡಚಿ ನನ್ನ ಪರ್ಸಿನಲ್ಲಿಟ್ಟುಕೊಂಡು ಹಿಂದೆ ನಡೆದೆ.

ಅಲ್ಲಿಯ ಕ್ಲಬ್ಬು ನೋಡಬೇಕು. ಕೆಳಗೆ ಊಟದ ಮನೆ, ಮೇಲೆ ರೇಂಜು. ಗೋಡೆಗಳ ತುಂಬ ಹಳೆಯ ಮರದ ಗುರಿಹಲಗೆಗಳು, ಅವುಗಳ ಮೇಲೆ ಚಿತ್ರಗಳು. ಒಳಗೆ ಬಂದವರು ಪ್ರತಿಯೊಂದು ಮೇಜನ್ನೂ ಗೆಣ್ಣುಗಳಿಂದ ತಟ್ಟಿ ನಮಸ್ಕಾರ ಹೇಳುತ್ತಾರೆ. ನಾನೂ ತಟ್ಟಿದೆ. ಮೂಲೆಯಲ್ಲಿ ಕಾಫಿ, ಕೇಕು ಇಟ್ಟುಕೊಂಡಿದ್ದ ಉರ್ಸುಲಾ ಎಂಬ ಅಜ್ಜಿ ನಕ್ಕರು. ಅವರಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

ರೇಂಜಿನ ಬಾಗಿಲಲ್ಲೇ ಅಧಿಕಾರಿ ಪೆಟ್ಟಿಗೆ ತೆರೆಸಿದರು. ದಾರವಿಲ್ಲ. ಅನಘಾಳ ಮುಖ ಬಿಳಿಚಿತು. ನಾನು ಗೆದ್ದವಳ ಹಾಗೆ ಮುಂದೆ ನುಗ್ಗಿ ಪರ್ಸಿನಿಂದ ದಾರ ತೆಗೆದು ಚಾಚಿದೆ. ಅಧಿಕಾರಿ ದಾರವನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅವಳನ್ನು ನೋಡಿ, ಇದು ಎಚ್ಚರಿಕೆ, ಇನ್ನೊಮ್ಮೆ ಆಗಕೂಡದು ಎಂದರು.

"ನೀನು ನೋಡಿದ್ಯಾ ಅಮ್ಮ?" ಅನಘಾ ಕೇಳಿದಳು. "ನೋಡಿ ಭೀ ಕರೀಲಿಲ್ವಾ?"

"ಹೊರಟವರನ್ನು ಹಿಂದಿನಿಂದ ಕರೆಯುವುದುಂಟಾ ಮಗಾ?"

ಪಾಟೀಲ್ ಸರ್ ಹಣೆ ಚಚ್ಚಿಕೊಂಡರು. "ಅಕ್ಕಾರ, ಇದು ಗುಡಿ ಅಲ್ರೀ! ಇಲ್ಲಿ ಕಂಡವರು ಒದರಬೇಕು. ಯಾರರ ಇರ್ಲಿ." ಆಮೇಲೆ ಅವಳ ಕಡೆ ತಿರುಗಿದರು. "ನಿಮ್ಮವ್ವ ಕರೀಲಿಲ್ಲ ಅನ್ನೋದು ಆಮ್ಯಾಲಿನ ಮಾತು. ದಾರ ಯಾರದು?"

"ನನ್ನದು ಸರ್."

ಉರ್ಸುಲಾ ಅಜ್ಜಿಗೆ ವಿಷಯ ತಿಳಿದು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಇಲ್ಲಿ ಅಪಾಯ ಕಂಡರೆ ಹೇಳುವುದು ಒಂದೇ ಮಾತು, "ಸ್ಟಾಪ್". ದೊಡ್ಡ ಅಧಿಕಾರಿ ಹೇಳಿದರೂ ಅಷ್ಟೇ, ಮಗು ಹೇಳಿದರೂ ಅಷ್ಟೇ, ಕಾಫಿ ಮಾಡುವ ತಾನು ಹೇಳಿದರೂ ಎಲ್ಲರೂ ನಿಲ್ಲಿಸುತ್ತಾರೆ ಎಂದರು. ಹೇಳಿ ನೋಡು ಎಂದು ಒತ್ತಾಯ ಮಾಡಿದರು. ನಾನು ಸೆರಗಿನ ಮರೆಯಲ್ಲಿ "ಸ್ಟಾಪ್" ಎಂದೆ. ಅವರು ಕಿವಿಗೆ ಕೈ ಇಟ್ಟು, ಕೇಳಿಸಲಿಲ್ಲ ಎಂದು ಸನ್ನೆ ಮಾಡಿದರು.

ಪಂದ್ಯ

ಪಂದ್ಯದ ದಿನ ಅವಳು ಒಂದು ಬಾಳೆಹಣ್ಣು ಬಿಟ್ಟು ಏನೂ ತಿನ್ನಲಿಲ್ಲ. ನಾನು ಅದನ್ನೂ ತಿನ್ನಲಿಲ್ಲ.

ನೋಡುವವರ ಬೆಂಚು ಹಿಂದೆ, ಸ್ಪರ್ಧಿಗಳೆಲ್ಲರ ಬೆನ್ನು ನಮ್ಮ ಕಡೆಗೆ. ಹಳೆಯ ರೇಂಜು, ಕಾಗದದ ಗುರಿಗಳು ತಂತಿಯ ಮೇಲೆ ಮೋಟಾರಿನಿಂದ ಹೋಗಿ ಬರುತ್ತವೆ, ಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಮೊದಲು ಮೇಲಿನಿಂದ ದುಡ್ಡಿನ ಡಬ್ಬಿ ಓಡಾಡುತ್ತಿತ್ತಲ್ಲ, ಹಾಗೆ. ಅನಘಾ ಚೆನ್ನಾಗಿ ಹೊಡೆಯುತ್ತಿದ್ದಳು. ಅದು ನನಗೆ ತಿಳಿದದ್ದು ಪಾಟೀಲ್ ಸರ್ ಅವರ ಕಾಲಿನಿಂದ. ಚೆನ್ನಾಗಿ ನಡೆದರೆ ಅವರ ಪಾದ ಅಲುಗುವುದು ನಿಲ್ಲುತ್ತದೆ. ಬಹಳ ಹೊತ್ತಿನಿಂದ ಅದು ಅಲುಗಿರಲಿಲ್ಲ.

ಆಗ ಅವಳ ಪಕ್ಕದ ಸಾಲಿನ ಕಾಗದ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಅಧಿಕಾರಿ "ಸ್ಟಾಪ್" ಎಂದರು. ಎಲ್ಲರೂ ರೈಫಲ್ ಖಾಲಿ ಮಾಡಿ, ಕಿತ್ತಳೆ ದಾರ ತೂರಿಸಿ, ಮೇಜಿನ ಮೇಲಿಟ್ಟು ಹಿಂದೆ ಸರಿದರು. ಅನಘಾಳೂ ಹಾಗೇ ಮಾಡಿದಳು, ನಾನು ನೋಡಿದೆ. ಕ್ಲಬ್ಬಿನವರೇ ಆದ ಕೆಂಪು ಸ್ವೆಟರಿನ ಒಬ್ಬ ಅಜ್ಜ ಸ್ಕ್ರೂಡ್ರೈವರ್ ಹಿಡಿದು ಮುಂದೆ ಹೋಗಿ ತಂತಿಯ ಕೆಳಗೆ ಬಗ್ಗಿದರು.

ಸರಿಹೋಗಲು ಹೊತ್ತು ಹಿಡಿಯಿತು. ಕೆಲವರು ನೀರು ಕುಡಿದರು. ಅಧಿಕಾರಿ ಮೋಟಾರಿನ ಕಡೆಗೇ ನೋಡುತ್ತಿದ್ದರು. ಅನಘಾ ಭುಜ ಕೊಡವಿದಳು, ಕತ್ತು ತಿರುಗಿಸಿದಳು, ಮೇಜಿನ ಬಳಿ ಒಂದು ಹೆಜ್ಜೆ ಸರಿದಳು. ನನ್ನ ಕಣ್ಣಿಗೆ ಬಿದ್ದದ್ದು ಅವಳ ಪ್ಯಾಂಟಿನ ಕಿಸೆಯಿಂದ ಬಾಲದ ಹಾಗೆ ನೇತಾಡುತ್ತಿದ್ದ ಕಿತ್ತಳೆ ದಾರ. ಮನೆಯಲ್ಲಿ ಅಭ್ಯಾಸಕ್ಕೆ ನಿಲ್ಲುವಾಗ ಅದನ್ನು ಅವಳು ಹಾಗೆಯೇ ಕಿಸೆಗೆ ತುರುಕುವುದು. ರೈಫಲ್ ಆಗಲೇ ಅವಳ ಭುಜಕ್ಕೆ ಏರಿತ್ತು. ಅವಳು ತನ್ನ ಗುರಿಯನ್ನು ನೋಡುತ್ತಿದ್ದಳು. ಅದಕ್ಕೂ ಅವಳಿಗೂ ನಡುವೆ, ಸ್ವಲ್ಪ ಪಕ್ಕಕ್ಕೆ, ಕೆಂಪು ಸ್ವೆಟರಿನ ಬೆನ್ನು.

ಯಾರೂ ನೋಡುತ್ತಿಲ್ಲ. ಈಗ ಇಳಿಸುತ್ತಾಳೆ, ಈಗ ಇಳಿಸುತ್ತಾಳೆ ಅಂದುಕೊಂಡೆ. ಕೂಗಿದರೆ ಅವಳ ವರ್ಷ ಹೋಗುತ್ತದೆ ಎಂಬುದೂ ಆ ಹೊತ್ತಿನಲ್ಲೇ ಹೊಳೆಯಿತು. ಅಜ್ಜ ಇನ್ನಷ್ಟು ಅವಳ ಸಾಲಿನ ಕಡೆಗೆ ವಾಲಿದರು.

"ಸ್ಟಾಪ್!"

ನಾಲ್ಕನೇ ಮಹಡಿಯಿಂದ ಬೀದಿಯ ತರಕಾರಿ ಗಾಡಿಯವನನ್ನು ನಿಲ್ಲಿಸುವ ದನಿ ಅದು. ಕೆಳಗಿನ ಊಟದ ಮನೆಯಲ್ಲೂ ಚಮಚಗಳ ಸದ್ದು ನಿಂತಿತಂತೆ. ಕೈಯಲ್ಲಿ ನೀರಿನ ಬಾಟಲಿ ಮಾತ್ರ ಇದ್ದವರೂ ಅದನ್ನು ಕೆಳಗಿಟ್ಟರು. ಅನಘಾ ರೈಫಲ್ ಮೇಜಿಗೆ ಇಳಿಸಿ, ಹಿಂದೆ ಸರಿದಳು. ಅಧಿಕಾರಿ ತಿರುಗುವಷ್ಟರಲ್ಲಿ ಎಲ್ಲ ರೈಫಲ್ಲುಗಳೂ ಮೇಜಿನ ಮೇಲಿದ್ದವು.

ಅವರು ನೇರ ನನ್ನ ಬಳಿ ಬಂದು, ಏನು ಕಂಡಿರಿ ಎಂದು ಕೇಳಿದರು. ಪಾಟೀಲ್ ಸರ್ ಕಾಗದ ಸಿಕ್ಕಿಕೊಂಡ ಕಡೆ ನೋಡುತ್ತಿದ್ದವರು, ಅವರಿಗೂ ಏನೂ ಗೊತ್ತಿರಲಿಲ್ಲ. ಕಾಲು ಉಳುಕಿತು ಎನ್ನಲೇ, ತಲೆ ತಿರುಗಿತು ಎನ್ನಲೇ ಎಂದು ಇಂಗ್ಲಿಷಿನ ಶಬ್ದ ಹುಡುಕುತ್ತಿದ್ದೆ. "ಮೈ ಲೆಗ್..." ಎಂದು ಶುರುಮಾಡಿಯೂ ಬಿಟ್ಟೆ.

ಅಷ್ಟರಲ್ಲಿ ಅನಘಾ ಕೈ ಎತ್ತಿದಳು. ಶಾಲೆಯಲ್ಲಿ ಹಾಜರಿ ಹೇಳುವಾಗ ಎತ್ತುವ ಹಾಗೆ.

"ನಾನು ಸರ್" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಅವರು ಮುಂದೆ ಇದ್ದಾಗ ನಾನು ರೈಫಲ್ ಎತ್ತಿದೆ. ದಾರ ನನ್ನ ಕಿಸೆಯಲ್ಲಿದೆ."

ಅಧಿಕಾರಿ ಅವಳ ರೈಫಲ್ ಪರೀಕ್ಷಿಸಿದರು. ಖಾಲಿ ಇತ್ತು. "ಖಾಲಿ ಇತ್ತು!" ಎಂದು ನಾನು ಪಾಟೀಲ್ ಸರ್ ತೋಳು ಹಿಡಿದು ಅಲುಗಿಸಿದೆ. "ಹೇಳಿ ಸರ್ ಅವರಿಗೆ, ಖಾಲಿ ಇತ್ತಂತೆ."

"ಖಾಲಿ ಇತ್ತು ಅನ್ನೋದು ಈಗ ಗೊತ್ತಾತು ಅಕ್ಕಾರ" ಎಂದರು ಸರ್, ಮೆತ್ತಗೆ. "ಎತ್ತುವಾಗ ಆ ಮುದುಕಗ ಗೊತ್ತಿತ್ತೇನು?"

ಮೂವರು ಅಧಿಕಾರಿಗಳು ಮೂಲೆಯಲ್ಲಿ ನಿಂತು ಮಾತಾಡಿದರು. ಬಂದು ಹೇಳಿದ್ದು ಒಂದೇ ವಾಕ್ಯ. ಅನಘಾ ತಲೆಯಾಡಿಸಿ, ದಾರ ತೂರಿಸಿ, ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದಳು. ಪಂದ್ಯ ಅವಳಿಲ್ಲದೆ ಮುಂದುವರಿಯಿತು.

ಕೆಂಪು ಸ್ವೆಟರಿನ ಅಜ್ಜ ಬಂದು ನನ್ನ ಕೈ ಕುಲುಕಿದರು. ಅನಘಾಳ ಕೈಯನ್ನೂ ಕುಲುಕಿದರು, ಅವಳದನ್ನು ಹೆಚ್ಚು ಹೊತ್ತು ಹಿಡಿದುಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮತ್ತೆ ಅದೇ ಸಿಗ್ನಲ್ಲು

ಉಳಿದುಕೊಂಡಿದ್ದ ಮನೆಗೆ ನಡೆದು ಹೋಗುವಾಗ ಅವಳು ಮುಂದೆ, ನಾನು ಹಿಂದೆ, ಸರ್ ಇನ್ನೂ ಹಿಂದೆ. ಅವಳು ಸಿಟ್ಟಿನಿಂದ ಕೂಗಾಡಿದ್ದರೆ ಸಹಿಸಬಹುದಿತ್ತು. ಪೆಟ್ಟಿಗೆಯ ಪಟ್ಟಿ ಅವಳ ಭುಜದಲ್ಲಿ ಜಾರುತ್ತಿತ್ತು, ಅವಳು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೇ.

ಸಿಗ್ನಲ್ಲಿನಲ್ಲಿ ಕೆಂಪು ಮನುಷ್ಯ. ರಸ್ತೆ ಖಾಲಿ. ಅವಳು ನಿಂತಳು. ನಾನೂ ಪಕ್ಕದಲ್ಲಿ ನಿಂತೆ.

"ನಾನು ಕೂಗಬಾರದಿತ್ತಾ ಮಗಾ?"

"ಕೂಗಬೇಕಿತ್ತು." ಅವಳು ಎದುರಿನ ದೀಪವನ್ನೇ ನೋಡುತ್ತಿದ್ದಳು. "ಅಮ್ಮ, ನನಗೆ ಅವರು ಕಾಣಿಸಲೇ ಇಲ್ಲ. ಸಚ್ಚಿ. ಅಂದ್ರೆ ಕಣ್ಣಿಗೆ ಕಾಣಿಸ್ತಾ ಇದ್ರು. ಆದ್ರೆ ನೀನು ಬಟ್ಟೆ ಹರವೋಕೆ ಹೋಗ್ತೀಯಲ್ಲ, ಹಾಗೇ ಅನಿಸ್ತು. ಕೋಯಿ ತೋ ಹೈ, ಯಾರೋ ಇದ್ದಾರೆ, ಹೋಗ್ತಾರೆ, ಬರ್ತಾರೆ."

ಹಸಿರು ಮನುಷ್ಯ ಬಂದ. ನಾವಿಬ್ಬರೂ ದಾಟಲಿಲ್ಲ. ಹಿಂದಿನಿಂದ ಬಂದ ಪಾಟೀಲ್ ಸರ್ ಇದನ್ನು ಕೇಳಿಸಿಕೊಂಡಿದ್ದರು.

"ಮನ್ಯಾಗ ನಿಮ್ಮವ್ವ ಅಡ್ಡ ಹೋಗ್ತಿದ್ರೇನು?"

"ಹೌದು ಸರ್."

"ದಿನಾ?"

ಉತ್ತರ ಕೊಟ್ಟದ್ದು ನಾನು. "ದಿನಾ. ಬಟ್ಟೆ ಇರ್ತದಲ್ಲ ಸರ್."

ಅವರು ಬಯ್ಯುತ್ತಾರೆ ಎಂದು ಕಾದೆ. ಅವರು ಅನಘಾಳ ಭುಜದಿಂದ ಪೆಟ್ಟಿಗೆ ಇಳಿಸಿಕೊಳ್ಳಲು ಕೈ ಚಾಚಿದರು. ಅವಳು ಕೊಡಲಿಲ್ಲ. "ಕೀಲಿ ನನ್ನ ಹತ್ರ ಇದೆ ಸರ್, ಪೆಟ್ಟಿಗೆ ಭೀ ನಾನೇ ಹಿಡೀತೀನಿ" ಎಂದಳು. ಅಲ್ಲೇ ರಸ್ತೆಯ ಅಂಚಿನಲ್ಲಿ ಅತ್ತಳು. ಹಸಿರು ಹೋಗಿ ಮತ್ತೆ ಕೆಂಪು ಬಂತು.

ಸಂಜೆ ಯಜಮಾನರು ಫೋನ್ ಮಾಡಿ, "ಎಂತ ಆಯ್ತು, ಸ್ಕೋರು?" ಎಂದರು. ಪಂದ್ಯದ ಯಂತ್ರ ಕೆಟ್ಟಿತು ಎಂದು ಹೇಳು ಸಾಕು, ಅವರಿಗೆ ಬಿಪಿ ಎಂದು ನಾನು ಸನ್ನೆ ಮಾಡಿದೆ. ಅನಘಾ ನನ್ನ ಕಡೆ ಬೆನ್ನು ತಿರುಗಿಸಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ, "ಅಜ್ಜನಿಗೆ ಏನೂ ಆಗ್ಲಿಲ್ಲ ಅಲ್ಲ?" ಎಂದರಂತೆ. "ಊಟ ಮಾಡಿ" ಎಂದು ಇಟ್ಟರಂತೆ.

ಹೊರಡುವ ಮೊದಲು ಉರ್ಸುಲಾ ಅಜ್ಜಿ ಪ್ಲಮ್ ಹಣ್ಣಿನ ಕೇಕು ಕಟ್ಟಿಕೊಟ್ಟರು. ನಾನು ಮಿಡಿ ಉಪ್ಪಿನಕಾಯಿ ಕೊಟ್ಟೆ. ಒಂದನ್ನು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ಅವರು ಕೈ ಎತ್ತಿ "ಸ್ಟಾಪ್!" ಎಂದು ಕೂಗಿದರು.

ಡೊಂಬಿವಲಿ, ಬಂದ ದಿನ

ಆಯ್ಕೆಯ ಪಟ್ಟಿಯಲ್ಲಿ ಅವಳ ಹೆಸರು ಬರುವುದಿಲ್ಲ ಎಂಬುದು ಮನೆಗೆ ಬರುವಾಗಲೇ ಖಚಿತವಾಗಿತ್ತು. ಯಜಮಾನರು ತುಳಸಿಗೆ ಅತಿಯಾಗಿ ನೀರು ಹಾಕಿ ಬುಡ ಕೊಳೆಸಿದ್ದರು. ಮಾತ್ರೆ ಟಿವಿಯ ಪಕ್ಕದಲ್ಲೇ ಇತ್ತು, ಕೆಲವು ಜಾಸ್ತಿಯೇ ಉಳಿದಿದ್ದವು. ಬಟ್ಟೆ ನೆನೆಸಿದೆ, ಒಗೆದೆ.

ಸಂಜೆ ಅನಘಾ ಪೆಟ್ಟಿಗೆ ತೆರೆದಳು. ಇಂದೇ ಎತ್ತುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಬಿಂದಿಯ ಜಾಗ ಬದಲಿಸಲು ಇಡೀ ಮನೆ ಸುತ್ತಿದಳು. ಮಲಗುವ ಕೋಣೆಯಲ್ಲಿ ಕಪಾಟು, ಅಡುಗೆಮನೆಯಲ್ಲಿ ನಾನು. ಬೇರೆ ಗೋಡೆ ಇರಲಿಲ್ಲ. ಕೊನೆಗೆ ಹಾಲಿಗೇ ಬಂದು ನಿಂತಳು. ನಾನು ಬಕೆಟ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಪಪ್ಪಾ, ಉಠೋ. ಸೋಫಾದಿಂದ ಈ ಕಡೆ ಬನ್ನಿ, ನನ್ನ ಹಿಂದೆ."

"ಖಾಲಿ ಬಂದೂಕಿಗೆ ಇಷ್ಟು ಸರ್ಕಸ್ ಎಂತಕೆ?" ಎನ್ನುತ್ತಾ ಅವರು ಪೇಪರಿನ ಸಮೇತ ಎದ್ದು ಬಂದರು.

"ಅಮ್ಮ, ನೀನು ಮೊದಲು ಬಟ್ಟೆ ಹರವು. ನಾನು ಕಾಯ್ತೇನೆ."

ರೈಫಲ್ ಮೇಜಿನ ಮೇಲಿತ್ತು, ನಳಿಗೆಯಲ್ಲಿ ಕಿತ್ತಳೆ ದಾರ. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು. ಪ್ರವಾಸದ ಬಟ್ಟೆಗಳೆಲ್ಲ ಇದ್ದವು. ಒಂದೊಂದನ್ನೇ ಕೊಡವಿ, ಕ್ಲಿಪ್ಪು ಹಾಕಿ ಹರವಿದೆ. ನಡುವೆ ಎರಡು ಸಲ ತಿರುಗಿ ನೋಡಿದೆ. ಕೈ ಬೆನ್ನ ಹಿಂದೆಯೇ ಇತ್ತು. ಕೊನೆಯ ಟವೆಲ್ ಹಾಕಿ, ಬಾಲ್ಕನಿಯ ಚಿಲಕ ಹಾಕಿ, ಅವಳನ್ನು ದಾಟಿ ಹಿಂದೆ ಬಂದು, "ಆಯ್ತು" ಎಂದೆ. ಆಮೇಲೆ ಅವಳು ದಾರ ತೆಗೆದಳು.

ರಾತ್ರಿ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಸುಟ್ಟ ಹಪ್ಪಳ. ಪ್ಲಮ್ ಕೇಕನ್ನು ಜೋಶಿ ವಹಿನಿಗೂ ಒಂದು ತುಂಡು ಕೊಟ್ಟೆ. ಯಜಮಾನರು ತಟ್ಟೆ ತೊಳೆದರು. ನಾನು ಹಾಸಿಗೆ ಬಿಡಿಸಿ ತಿರುಗುವಷ್ಟರಲ್ಲಿ ಅನಘಾ ಮಲಗಿಬಿಟ್ಟಿದ್ದಳು, ದೀಪ ಉರಿಯುತ್ತಿರುವಾಗಲೇ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು. ಮನೆ ಬಿಟ್ಟಂದಿನಿಂದ ಅವಳು ನನಗಿಂತ ಮೊದಲು ನಿದ್ದೆ ಹೋದದ್ದು ಅಂದೇ.